ಎಂಟು ಕೋಟು ಮೆರುಗು

ಮರಕ್ಕೆ ಬಳಿಯುವ ಅರಗು ಮತ್ತು ಸ್ಪಿರಿಟ್ ಬೆರೆತ ವಾಸನೆಯೇ ಮಗಳಿಗೆ ಚಿಕ್ಕಂದಿನಿಂದ ಅಪ್ಪನ ವಾಸನೆ. ಸಂಜೆ ಅಪ್ಪ ಬಾಗಿಲು ತಟ್ಟುವ ಮೊದಲೇ ಅದು ಮೆಟ್ಟಿಲು ಹತ್ತಿ ಬಂದಿರುತ್ತಿತ್ತು. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಅಪ್ಪ ಬ್ರೆಡ್ ಮುರಿದು ಬಾಯಿಗಿಟ್ಟರೆ ತುತ್ತಿನಲ್ಲೂ ಅದರ ಒಂದೆಳೆ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು, "ಏನೇ, ಮೇಜು ನೆಕ್ಕಿ ಬಂದಿದೀಯಾ?" ಎಂದು ಕೇಳಿದ್ದಳು. ಮಗಳು ಅದನ್ನು ಮನೆಯಲ್ಲಿ ಹೇಳಲಿಲ್ಲ. ಅಪ್ಪನಿಗೆ ಬೇಜಾರಾದೀತು ಎಂದು ಎಂಟು ವರ್ಷದ ಹುಡುಗಿಗೆ ತಾನಾಗಿಯೇ ಹೊಳೆದಿತ್ತು.

ಅಪ್ಪನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಪಾಲಿಶ್‌ನವರು ಎಂದು. ಐವತ್ತೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ಮೇಜು, ಮಂಚ, ಕಪಾಟುಗಳಿಗೆ ಹೊಳಪು ಕೊಟ್ಟವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಒಂದು ದಿನ ಸ್ನಾನದ ಮನೆಯಲ್ಲಿ ಜಾರಿ ಬಿದ್ದು, ಮಧ್ಯಾಹ್ನದವರೆಗೂ ಏಳಲಾರದೆ ನೆಲದ ಮೇಲೇ ಇದ್ದರೆಂದು ತಿಳಿದಾಗ ಮಗಳು ಅವರನ್ನು ತನ್ನ ಮನೆಗೆ ಕರೆತಂದಳು. ಅದಾಗಿ ಎಂಟು ತಿಂಗಳು.

ಮನೆ ಮೂರನೇ ಮಹಡಿಯಲ್ಲಿತ್ತು. ಮುಂದಿನ ಕೋಣೆಯ ಕಿಟಕಿಯ ಪಕ್ಕದ ಮೂಲೆಯಲ್ಲಿ ಅಳಿಯನ ಗಿಟಾರ್ ಇರುತ್ತಿತ್ತು. ಆ ಮೂಲೆಗೆ ಮಂಚ ಬಂತು. ಗಿಟಾರಿನ ಪೆಟ್ಟಿಗೆ ಬೀರುವಿನ ಮೇಲೇರಿತು.

"ನಾನು ಬಂದು ಅದರ ಜಾಗ ಕಿತ್ಕೊಂಡ ಹಾಗಾಯ್ತು, ಅಳಿಯಂದಿರೇ," ಎಂದಿದ್ದರು ಪಾಲಿಶ್‌ನವರು.

"ಅದೇನು ಕಾಲು ಚಾಚಿ ಮಲಗಬೇಕಾ ಮಾವ? ನೀವು ಮಲಗಿ," ಎಂದು ಅಳಿಯ ದಿಂಬು ತಂದಿಟ್ಟಿದ್ದ.

ಅಳಿಯನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದವನು. ಅವನ ಗಿಟಾರಿಗೆ ಅವನಿಗಿಂತ ಹೆಚ್ಚು ವಯಸ್ಸು, ಅರವತ್ತೆಂಟು ವರ್ಷ. ಮೊದಲು ಒಬ್ಬ ಶಾಲಾ ಶಿಕ್ಷಕಿಯದಾಗಿತ್ತು. ಆಮೇಲೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬನ ಕೈಯಲ್ಲಿ ಮೂವತ್ತು ವರ್ಷ ಇತ್ತು. ಆ ಅಡುಗೆಯವನ ಬೆರಳು ಸಂಧಿವಾತಕ್ಕೆ ಸೊಟ್ಟಗಾದಾಗ ಇಪ್ಪತ್ತೆರಡು ವರ್ಷದ ಈ ಹುಡುಗನಿಗೆ ಕೊಟ್ಟ. ಮುಂಭಾಗದ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ದನಿ ಹೊರಡುವ ತೂತಿನ ಕೆಳಗೆ, ಕಿರುಬೆರಳು ಊರುವ ಕಡೆ, ಮೂರು ಜನರ ಬೆರಳು ಸವೆಸಿದ ಒಂದು ಬಿಳಿ ಮಚ್ಚೆ. ಪಕ್ಕದಲ್ಲಿ ಒಂದು ಉದ್ದನೆಯ ಗೀರು.

"ಇದು ನನ್ನದಲ್ಲ. ಹಡಗಿನವನ ಸೊಂಟದ ಬೆಲ್ಟಿನದು," ಎಂದು ಅಳಿಯ ಬಂದವರಿಗೆಲ್ಲ ತೋರಿಸುತ್ತಿದ್ದ. ಮಗುವಿನ ಮಚ್ಚೆ ತೋರಿಸುವ ಹಾಗೆ.

ಬೇಸಿಗೆಯಲ್ಲಿ ಮರ ಒಣಗಿ ಸೀಳದಿರಲಿ ಎಂದು ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜಿನ ತುಂಡಿಟ್ಟು ಪೆಟ್ಟಿಗೆಯೊಳಗೆ ಇಡುತ್ತಿದ್ದ. ಗಿಟಾರನ್ನು ಮುದುಕಿ ಎಂದು ಕರೆಯುತ್ತಿದ್ದ. ಕೆಲಸದಿಂದ ಬಂದವನು ಕೈ ತೊಳೆದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಇಪ್ಪತ್ತು ನಿಮಿಷ ನುಡಿಸುತ್ತಿದ್ದ. ಅಡುಗೆಮನೆಯ ಗೋಡೆಗೆ ಟೈಲ್ಸ್ ಹಾಕಿದ್ದರಿಂದ ಅಲ್ಲಿ ದನಿ ತುಂಬಿಕೊಂಡು ಬರುತ್ತಿತ್ತು. ದೊಡ್ಡ ವಾದಕನೇನಲ್ಲ. ಐದಾರು ರಾಗಗಳು, ಅವೇ. ಆದರೆ ಒಂದೇ ತಂತಿ ಮೀಟಿ, ಅದು ಪೂರ್ತಿ ಆರುವವರೆಗೂ ತಲೆ ಬಗ್ಗಿಸಿ ಕೇಳುತ್ತಾ ಕೂತಿರುತ್ತಿದ್ದ.

"ಸಾಕು ಬಿಡ್ರೀ, ನಿಮ್ಮ ಮುದುಕಿ ಹಾಡಿದ್ದು. ಈ ಹುಡುಗಿ ಹಸಿವಿಗೆ ಗುರುಗುಡ್ತಾ ಇದಾಳೆ," ಎನ್ನುತ್ತಿದ್ದಳು ಮಗಳು.

"ನಂಗೇನಿಲ್ಲಮ್ಮ. ನಿಂಗೇ ಸವತಿ ಮೇಲೆ ಹೊಟ್ಟೆಕಿಚ್ಚು," ಎನ್ನುತ್ತಿದ್ದಳು ಹದಿನಾರು ವರ್ಷದ ಮೊಮ್ಮಗಳು. ಈ ನಾಲಿಗೆಗೇ ತಾತ ಅವಳಿಗೆ ಮೆಣಸು ಎಂದು ಹೆಸರಿಟ್ಟಿದ್ದರು.

ಪಾಲಿಶ್‌ನವರು ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಕಿವಿ ರಾಗದ ಕಡೆ ಇದ್ದರೂ ಕಣ್ಣು ಆ ಬಿಳಿ ಮಚ್ಚೆಯ ಮೇಲೆ. ಅವರ ಕಸುಬಿನಲ್ಲಿ ಸವೆದ ಜಾಗವೆಂದರೆ ಮನೆಯವರ ಮಾನ ಹೋದ ಹಾಗೆ. ಒಂದು ದಿನ ಹೇಳಿಯೂ ಬಿಟ್ಟರು:

"ಅಳಿಯಂದಿರೇ, ಇಂಥಾ ಒಳ್ಳೇ ಮರಾನ ಹೀಗೆ ಹರಕು ಬಟ್ಟೆ ಹಾಕಿ ಕೂರಿಸಿದೀರಲ್ಲ."

ಅಳಿಯ ನಕ್ಕ. ಹಿರಿಯರಿಗೆ ಎದುರಾಡುವುದು ಬೇಡವೆಂದು ನಕ್ಕನೇ ಹೊರತು ಮತ್ತೇನಿಲ್ಲ.

*

ಅಂಗಡಿಗೆ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದು ಕಲಿಯಲು ಅಳಿಯ ಎರಡು ವಾರ ಬೇರೆ ಊರಿಗೆ ಹೋದ.

ಎರಡನೆಯ ದಿನ ಬೆಳಗ್ಗೆ ಮಗಳು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಳು. ಬೇಕರಿಯ ಗಲ್ಲಾದಲ್ಲಿ ಅವಳಿಗೆ ಕೆಲಸ. ಏಳಕ್ಕೆ ಬಾಗಿಲು ತೆರೆಯಬೇಕು.

"ಅಮ್ಮಯ್ಯಾ, ಅಳಿಯಂದಿರ ಗಿಟಾರಿಗೆ ಸ್ವಲ್ಪ ಕೈ ಆಡಿಸ್ಲಾ? ಅವರು ಬರೋ ಹೊತ್ತಿಗೆ ಹೊಸದರ ಹಾಗೆ ಮಾಡಿಡ್ತೀನಿ," ಎಂದರು ಪಾಲಿಶ್‌ನವರು.

"ಮಾಡಪ್ಪಾ. ಸುಮ್ನೆ ಕೂತು ಗೋಡೆ ನೋಡೋದಕ್ಕಿಂತ ವಾಸಿ. ಅವರಿಗೂ ಖುಷಿಯಾಗುತ್ತೆ," ಎಂದಳು. ಚಪ್ಪಲಿ ಸಿಕ್ಕಿತು. ಓಡಿದಳು.

ಧೂಳು ಒರೆಸಿ ಎಣ್ಣೆ ಹಚ್ಚುತ್ತಾರೇನೋ ಎಂದುಕೊಂಡಿದ್ದಳು. ಸಂಜೆ ಬಂದು ನೋಡಿದರೆ ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟಿನ ಮೇಲೆ ತಂತಿ ಕಳಚಿದ ಗಿಟಾರ್ ಮಲಗಿತ್ತು. ಮುಂಭಾಗವೆಲ್ಲ ಹೆರೆದು, ಮರ ಸಿಪ್ಪೆ ಸುಲಿದ ಬಾದಾಮಿಯ ಹಾಗೆ ಬೆಳ್ಳಗಿತ್ತು.

"ಅಪ್ಪಾ, ಎಲ್ಲಾನೂ ತೆಗೆದುಬಿಟ್ಯಾ?"

"ತೆಗೀದೆ ಹೊಸ ಕೋಟು ಕೂರುತ್ತೇನೇ? ನೋಡು, ಆ ಗೀರು ಎಲ್ಲಿದೆ ಹೇಳು ನೋಡೋಣ?"

ಗೀರು ಇರಲಿಲ್ಲ. ಬೆರಳಾಡಿಸಿದರೂ ಸಿಗಲಿಲ್ಲ. ಬಿಳಿ ಮಚ್ಚೆಯೂ ಇರಲಿಲ್ಲ. ಅಪ್ಪನ ಹುಬ್ಬಿನ ಮೇಲೆಲ್ಲ ಮರದ ಪುಡಿ. ಬಹಳ ದಿನದಿಂದ ಕೇಳದಿದ್ದ ಒಂದು ಹಳೆಯ ಹಾಡನ್ನು ಗುನುಗುತ್ತಿದ್ದರು. ಆ ರಾತ್ರಿ ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಎಂಟು ತಿಂಗಳಲ್ಲಿ ಮೊದಲ ಸಲ. ಮಗಳು ಏನೋ ಹೇಳಹೊರಟವಳು ಅನ್ನದ ಪಾತ್ರೆಯನ್ನು ಅವರ ಹತ್ತಿರ ಸರಿಸಿದಳು.

ಪಾಲಿಶ್‌ನವರು ಅರಗಿನ ಸೀಸೆಯನ್ನು ತೆಗೆಯಲಿಲ್ಲ. ಅರಗು ಸಾಧಾರಣ ಮೇಜಿಗೆ, ಅಳಿಯನ ವಸ್ತುವಿಗೆ ಅದು ಕಡಿಮೆಯಾಯಿತು ಎನಿಸಿತು. ಬಸ್ಸು ಹತ್ತಿ ಹಳೆಯ ಕಾರ್ಖಾನೆಗೆ ಹೋಗಿ, ದೊಡ್ಡ ಹೋಟೆಲಿನ ಮೇಜುಗಳಿಗೆ ಬಳಿಯುವ ದುಬಾರಿ ಮೆರುಗೆಣ್ಣೆಯನ್ನು ತಮ್ಮ ದುಡ್ಡಿನಲ್ಲೇ ಕೊಂಡು ತಂದರು. ಬಿಸಿ ಪಾತ್ರೆ ಇಟ್ಟರೂ ಕಲೆಯಾಗದು, ನೀರು ಬಿದ್ದರೂ ಇಳಿಯದು. ಒಂದು ಕೋಟು, ಒಂದು ದಿನ ಒಣಗುವುದು, ಉಜ್ಜುವುದು, ಮತ್ತೊಂದು ಕೋಟು. ಮೆಣಸು ಶಾಲೆಯಿಂದ ಬಂದು, ಧೂಳು ಕೂರದಂತೆ ಬಾಲ್ಕನಿಯ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು.

"ತಾತಾ, ಇನ್ನೂ ಎಷ್ಟು ಬಳೀತೀಯ? ಇದು ಗಿಟಾರೋ, ಮದುವೆ ಹೆಣ್ಣೋ?"

"ಎಂಟು ಕೋಟು. ನಿಮ್ಮಪ್ಪ ಉಜ್ಜೋ ಗಾಜಿನ ಹಾಗೆ ಹೊಳೀಬೇಕು. ಅವರೂ ಉಜ್ಜೋರೇ, ನಾನೂ ಉಜ್ಜೋನೇ. ಅವರಿಗೆ ಗೊತ್ತಾಗುತ್ತೆ."

ಹನ್ನೆರಡನೆಯ ದಿನ ಮೆಣಸು ಅದರಲ್ಲಿ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಂಡಳು.

*

ಅಳಿಯ ಬಂದ ಸಂಜೆ ಮಗಳು ಬೇಕರಿಯಿಂದ ಬೆಣ್ಣೆಯ ಬನ್ನು ತಂದಿದ್ದಳು. ಪಾಲಿಶ್‌ನವರು ಒಗೆದ ಅಂಗಿ ಹಾಕಿಕೊಂಡಿದ್ದರು. ಕಳಚಿದ್ದ ತಂತಿಗಳನ್ನೇ ಮತ್ತೆ ಬಿಗಿದ ಗಿಟಾರನ್ನು ಅಡುಗೆಮನೆಯ ಸ್ಟೂಲಿನ ಮೇಲಿಟ್ಟು ಒಂದು ಟವೆಲ್ ಮುಚ್ಚಿದ್ದರು. ಮೆಣಸು ಟವೆಲ್ ಎಳೆದಳು.

ಅಳಿಯ ಕೈಚೀಲ ಕೆಳಗಿಡುವುದನ್ನೂ ಮರೆತ. ಹತ್ತಿರ ಹೋದ. ಬಗ್ಗಿ ತೂತಿನೊಳಗೆ ನೋಡಿದ. ತಯಾರಿಸಿದವನು ಪೆನ್ಸಿಲಿನಲ್ಲಿ ಹೆಸರು ಬರೆದಿದ್ದ ಚೀಟಿ ಹಾಗೇ ಇತ್ತು. ಅದೊಂದು ಇಲ್ಲದಿದ್ದರೆ ಇದು ಬೇರೆಯದೆಂದೇ ತಿಳಿಯುತ್ತಿದ್ದನೇನೋ. ಕಿರುಬೆರಳನ್ನು ಮಚ್ಚೆಯಿದ್ದ ಜಾಗದಲ್ಲಿಟ್ಟ. ಬೆರಳು ಜಾರಿತು.

ಒಂದು ತಂತಿ ಮೀಟಿದ. ಡಬ್ಬಿಯ ಮುಚ್ಚಳ ತಟ್ಟಿದ ಹಾಗೆ ಒಂದು ಶಬ್ದ ಬಂದು ಅಲ್ಲೇ ನಿಂತುಹೋಯಿತು. ಇನ್ನೊಂದು ಮೀಟಿದ. ಅದೂ ಹಾಗೇ.

"ಹೊಸ ತಂತಿ ಹಾಕಿದರೆ ಸರಿಹೋಗುತ್ತೇನೋ..." ಎಂದರು ಪಾಲಿಶ್‌ನವರು.

"ತಂತೀದಲ್ಲ ಮಾವ." ಅಳಿಯನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ತಂತಿ ಮೀಟಿದರೆ ಮರ ಅಲುಗಾಡಬೇಕು. ಇದು ಇನ್ನು ಅಲುಗಾಡಲ್ಲ. ಇದರ ಮೇಲೆ ಊಟದ ಮೇಜು ಕೂತಿದೆ. ಯಾರನ್ನ ಕೇಳಿ ಮಾಡಿದಿರಿ?"

ಪಾಲಿಶ್‌ನವರು ಮಗಳ ಕಡೆ ಒಮ್ಮೆ ನೋಡಿದರು. ಅವಳು ಒಲೆಯ ಮೇಲಿನ ಪಾತ್ರೆಯನ್ನೇ ನೋಡುತ್ತಿದ್ದಳು. ಕೈಯಲ್ಲಿ ಸೌಟು ಹಾಗೇ ನಿಂತಿತ್ತು.

"ಯಾರನ್ನೂ ಕೇಳಲಿಲ್ಲ. ನಾನೇ ಮಾಡಿದೆ," ಎಂದರು.

ಮೆಣಸು ಬಾಯಿ ತೆರೆದಳು. ತಾತ ಅವಳ ಕೈಯನ್ನು ಮೆಲ್ಲಗೆ ಅದುಮಿದರು.

ಅಳಿಯ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಿ, ಬೀರುವಿನ ಮೇಲಿಟ್ಟು, ಸ್ನಾನಕ್ಕೆ ಹೋದ. ಬನ್ನುಗಳನ್ನು ಯಾರೂ ಮುಟ್ಟಲಿಲ್ಲ.

*

ಮರುದಿನದಿಂದ ಪಾಲಿಶ್‌ನವರು ಸಂಜೆ ಆರಕ್ಕೇ, ಅಳಿಯ ಬರುವ ಮೊದಲೇ, ಊಟ ಮುಗಿಸತೊಡಗಿದರು. ತಮ್ಮ ತಟ್ಟೆ ತಾವೇ ತೊಳೆದು ಒರೆಸಿ, ಬೇರೆ ತಟ್ಟೆಗಳ ಜೊತೆ ಇಡದೆ ಮಂಚದ ಪಕ್ಕದ ಗೂಡಿನಲ್ಲಿಟ್ಟುಕೊಳ್ಳುತ್ತಿದ್ದರು. ಅಳಿಯ ಅಂಗಡಿಯಲ್ಲಿ ತಡಮಾಡಿ ಒಂಬತ್ತಕ್ಕೆ ಬರುತ್ತಿದ್ದ. ನಡುವೆ ತಾಯಿ ಮಗಳು ಇಬ್ಬರೇ.

"ಈ ಮನೇಲಿ ಮೂರು ಹೋಟೆಲ್ ನಡೀತಾ ಇದೆ. ಆರು ಗಂಟೆ ಹೋಟೆಲ್, ಎಂಟು ಗಂಟೆ ಹೋಟೆಲ್, ಒಂಬತ್ತು ಗಂಟೆ ಹೋಟೆಲ್. ಅಡುಗೆ ಮಾತ್ರ ಒಂದೇ, ಅದೂ ತಣ್ಣಗೆ," ಎಂದಳು ಮೆಣಸು.

"ತಿನ್ನೇ ಸುಮ್ನೆ."

"ನೀನು ಅಪ್ಪಂಗೆ ಯಾವಾಗ ಹೇಳ್ತೀಯ?"

"ಏನನ್ನ?"

"ಏನನ್ನ ಅಂತ ನಿಂಗೆ ಗೊತ್ತು. ತಾತ ಕೇಳಿದ್ದು ನಂಗೂ ಕೇಳಿಸ್ತು. ಚಪ್ಪಲಿ ಹುಡುಕ್ತಾ ಇದ್ದೆ ನೀನು."

ಮಗಳು ಎದ್ದು ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಮಾತು ಮುಳುಗಿತು.

ಹಾಗೆಂದು ಮನೆಯಲ್ಲಿ ಕ್ರೌರ್ಯವೇನೂ ಇರಲಿಲ್ಲ. ಮುಂದಿನ ಕೋಣೆಯ ಬಲ್ಬು ಸುಟ್ಟುಹೋದಾಗ, ಪಾಲಿಶ್‌ನವರು ಅಂಗಡಿಯಿಂದ ಹಾಲು ತರುವಷ್ಟರಲ್ಲಿ ಅಳಿಯ ಹೊಸದು ಹಾಕಿದ್ದ. ಸ್ನಾನದ ಮನೆಯಲ್ಲಿ ಮಾವನ ಕೈಗೆ ಸಿಗುವ ಎತ್ತರಕ್ಕೆ ಒಂದು ಹಿಡಿಕೆಯನ್ನೂ ಕೂರಿಸಿದ. ಆದರೆ ಒಂದು ಮಾತಿಲ್ಲ. ಪಾಲಿಶ್‌ನವರು ಆ ಹಿಡಿಕೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದುದನ್ನು ಮೆಣಸು ನೋಡಿದಳು.

ಐದನೆಯ ವಾರ ಗಂಡ ಹೆಂಡತಿಗೆ ಜಗಳವಾಯಿತು. ಶುರುವಾದದ್ದು ಉಪ್ಪಿನಿಂದ.

"ಸೂಪಿಗೆ ಉಪ್ಪೇ ಇಲ್ಲ."

"ಅಪ್ಪನಿಗೆ ರಕ್ತದೊತ್ತಡ. ಬೇಕಾದರೆ ಮೇಲೆ ಹಾಕ್ಕೊಳ್ಳಿ."

"ಹ್ಞಾ, ಈ ಮನೇಲಿ ಎಲ್ಲಾನೂ ಮೇಲೆ ಹಾಕ್ಕೊಳ್ಳೋದೇ. ಉಪ್ಪೂ ಮೇಲೆ, ಮೆರುಗೂ ಮೇಲೆ."

"ಎಷ್ಟು ದಿನ ರೀ ಇದು? ಒಂದು ಮರದ ಡಬ್ಬಿಗೋಸ್ಕರ ಎಪ್ಪತ್ತನಾಲ್ಕು ವರ್ಷದವರನ್ನ..."

"ಮರದ ಡಬ್ಬಿ ಅನ್ನು. ಅದನ್ನ ಹಾಗೇ ಮಾಡಿದಾರಲ್ಲ. ಆ ಹಡಗಿನವನು ಕೊಡುವಾಗ ಏನಂದ ಗೊತ್ತಾ? 'ಇದನ್ನ ನೀನು ಚೆನ್ನಾಗಿ ನುಡಿಸ್ದೇ ಇದ್ರೂ ಪರವಾಗಿಲ್ಲ, ಬದಲಾಯಿಸಬೇಡ' ಅಂದ. ಇಪ್ಪತ್ತೆಂಟು ವರ್ಷ ಕಾಪಾಡಿದೆ. ಹದಿನಾಲ್ಕು ದಿನ ಮನೆಯವರ ಕೈಲಿ ಬಿಟ್ಟುಹೋದೆ, ಅಷ್ಟೆ."

"ಬೈದಾದ್ರೂ ಬಿಡಿ ಅವರನ್ನ. ಹೀಗೆ ಸುಮ್ನಿದ್ದು ಸಾಯಿಸಬೇಡಿ."

"ಬೈಯೋಕೆ ಅವರೇನು ಬೇಕೂಂತ ಮಾಡಿದಾರಾ? ಅದೇ ನನ್ನ ಗಂಟಲಲ್ಲಿ ಸಿಕ್ಕೊಂಡಿರೋದು."

ಗೋಡೆಯಾಚೆ ಮಂಚ ಕಿರ್ರೆಂದಿತು. ಇಬ್ಬರೂ ದನಿ ತಗ್ಗಿಸಿದರು. ಆದರೆ ಆಡಬೇಕಾದ್ದೆಲ್ಲ ಆಡಿ ಆಗಿತ್ತು.

*

ಮುಂದಿನ ಶನಿವಾರ ಅಳಿಯ ಗಿಟಾರನ್ನು ವಾದ್ಯ ರಿಪೇರಿ ಮಾಡುವ ಹೆಂಗಸಿನ ಹತ್ತಿರ ಒಯ್ದ. ಮೆಣಸೂ ಹಿಂದೆ ಹೋದಳು. ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿ. ಛಾವಣಿಯಿಂದ ಪಿಟೀಲುಗಳು ನೇತಾಡುತ್ತಿದ್ದವು. ಆಕೆ ಗಿಟಾರಿನ ಮುಂಭಾಗವನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ತಲೆಯಾಡಿಸಿದಳು.

"ದಪ್ಪ ಕಂಬಳಿ ಹೊದಿಸಿಬಿಟ್ಟಿದಾರೆ. ತೆಗೀಬಹುದು, ಆದರೆ ಸ್ಪಿರಿಟ್ಟಿಗೆ ಕರಗೋ ಜಾತಿಯಲ್ಲ ಇದು. ಗಾಜಿನ ಅಂಚಿಂದ ಎಳೆ ಎಳೆಯಾಗಿ ಹೆರೀಬೇಕು. ಒಂದು ಕೂದಲೆಳೆ ಆಳ ಹೋದರೂ ಮರ ಹೋಯ್ತು. ಆಮೇಲೆ ತೆಳ್ಳಗೆ ಅರಗು, ಕೈಯಲ್ಲೇ ತೀಡಿ."

"ನೀವು ಮಾಡ್ತೀರಾ?"

"ನನ್ನ ಮಣಿಕಟ್ಟು ಹೋಗಿದೆ. ಈಗ ಯಾರೂ ಕೈಯಲ್ಲಿ ಮಾಡಲ್ಲ, ಎಲ್ಲಾ ಪಂಪಲ್ಲಿ ಹೊಡೀತಾರೆ." ಆಕೆ ಗಿಟಾರನ್ನು ಬೆಳಕಿಗೆ ಓರೆಯಾಗಿ ಹಿಡಿದಳು. "ಇದನ್ನ ಮಾಡಿದ್ದು ಯಾರು?"

"ನಮ್ಮ ಮಾವ."

"ಅವರು ಮಾಡಿದ್ದು ತಪ್ಪು. ಆದರೆ ಆ ಕೈ ನೋಡಿ. ಅಂಚಿನ ತನಕ ಒಂದು ಅಲೆ ಇಲ್ಲ, ಒಂದು ಗುಳ್ಳೆ ಇಲ್ಲ. ಇಂಥ ಕೈ ಇರೋರನ್ನ ಮನೇಲಿಟ್ಕೊಂಡು ನನ್ನ ಹತ್ತಿರ ಬಂದಿದೀರಲ್ಲ! ಅರಗು ಗೊತ್ತಿದ್ದರೆ ಅವರೇ ತೆಗೀಲಿ. ಮೊದಲಿನ ದನಿ ಪೂರ್ತಿ ಬರಲ್ಲ, ಅದನ್ನ ಈಗಲೇ ಹೇಳ್ತೀನಿ. ಅರ್ಧ ಬಂದ್ರೂ ಬರಬಹುದು."

"ಅವರ ಕೈಗೆ ಇನ್ನೊಂದ್ಸಲ ಕೊಡಲ್ಲ," ಎಂದ ಅಳಿಯ.

ಹಾಗೆ ಹೇಳುತ್ತಲೇ ಅವನ ಕಣ್ಣು ಆಕೆಯ ಕನ್ನಡಕದ ಮೇಲೆ ನಿಂತಿತು. ಒಂದು ಕಡೆಯ ಕಡ್ಡಿ ಸಡಿಲವಾಗಿ, ಆಕೆ ಮಾತಿಗೊಮ್ಮೆ ಮೇಲೆ ದೂಡುತ್ತಿದ್ದಳು. ಕೈ ಚಾಚಿದ. ಜೇಬಿನಿಂದ ಸಣ್ಣ ತಿರುಪುಳಿ ತೆಗೆದು ಬಿಗಿಮಾಡಿ ಮರಳಿಸಿದ. ಆಕೆ ತಟ್ಟಿ ನೋಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಮೆಣಸು ಕಿಟಕಿಯ ಕಡೆ ಮುಖಮಾಡಿ ಕೂತಳು.

"ಏನೇ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?"

"ನಾನು ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿದ್ದೆ ಅಪ್ಪಾ. ದಿನಾ. ತಾತನ ಜೊತೆ."

ಅಳಿಯ ಮಡಿಲಿನ ಗಿಟಾರ್ ಪೆಟ್ಟಿಗೆಯನ್ನು ಸರಿಸಿ ಹಿಡಿದುಕೊಂಡು, "ನೀನು ಮಗು," ಎಂದ.

"ಊಟದ ಹೊತ್ತಿಗೆ ನಾನು ದೊಡ್ಡವಳು, ಪಾತ್ರೆ ತೊಳೀಬೇಕು. ಇದಕ್ಕೆ ಮಗು," ಎಂದಳು ಅವಳು. ಆದರೆ ಅಮ್ಮನ ವಿಷಯ ಹೇಳಲಿಲ್ಲ. ಅದು ಅಮ್ಮ ಹೇಳಬೇಕಾದ್ದು.

*

ಅಷ್ಟರಲ್ಲಿ ಪಾಲಿಶ್‌ನವರು ಬಸ್ಸು ಹತ್ತಿ ಎರಡು ಸಲ ಕಾರ್ಖಾನೆಗೆ ಹೋಗಿಬಂದಿದ್ದರು. ಅಲ್ಲಿ ಮರ ಒಟ್ಟುವ ಕೊಟ್ಟಿಗೆಯ ಪಕ್ಕದಲ್ಲಿ ಕಾವಲುಗಾರನ ಕೋಣೆಯೊಂದು ಖಾಲಿಯಿತ್ತು.

ಗುರುವಾರ ಅವರು ಆರಕ್ಕೆ ಉಣ್ಣಲಿಲ್ಲ. ಅಳಿಯ ಬರುವವರೆಗೂ ಕಾದು, ನಾಲ್ಕೂ ಜನ ಮೇಜಿಗೆ ಕೂತಾಗ ಹೇಳಿದರು:

"ಭಾನುವಾರ ಹೊರಡ್ತೀನಿ. ಕೋಣೆ ಸಿಕ್ಕಿದೆ. ನಲ್ಲಿ ಹೊರಗಿದೆ, ಆದರೆ ಹತ್ತಿರಾನೇ."

"ಚಳೀಲಿ ಹೊರಗಿನ ನಲ್ಲೀಗೆ ಹೋಗ್ತೀಯಾ ನೀನು? ಬಿದ್ದರೆ?" ಎಂದಳು ಮಗಳು.

"ಬಿದ್ದರೆ ಎದ್ದೇಳ್ತೀನಿ."

"ಹೋದ ಸಲ ಎದ್ದೆಯಲ್ಲ!"

ಅವಳು ಗಂಡನ ಕಡೆ ನೋಡಿದಳು. 'ಇರಿ ಮಾವ' ಎಂಬ ಎರಡು ಮಾತಿಗಾಗಿ ನೋಡಿದಳು. ಅವನು ಬ್ರೆಡ್ಡಿನ ಅಂಚನ್ನು ಮುರಿಯುತ್ತಿದ್ದ. ತುಂಡು ಮಾಡಿ, ಆ ತುಂಡನ್ನೂ ಮುರಿದ.

"ನಾನೇ ಹೇಳಿದ್ದು," ಎಂದಳು ಮಗಳು.

"ಏನು?"

"ಅಪ್ಪ ನನ್ನ ಕೇಳಿದ್ರು. ಮಾಡು ಅಂತ ನಾನೇ ಅಂದೆ. ಅವತ್ತು ಸಂಜೆ ಬಂದು ನೋಡ್ದೆ, ಆಗ ಬರೀ ಮರ ಇತ್ತು, ಮೆರುಗು ಹಚ್ಚಿರಲಿಲ್ಲ. ನಿಲ್ಲಿಸು ಅನ್ನಬಹುದಿತ್ತು. ಅನ್ನಲಿಲ್ಲ. ಅವರು ಹಾಡ್ತಾ ಇದ್ದರು ರೀ. ಎರಡು ಸಲ ಬಡಿಸ್ಕೊಂಡ್ರು. ನಂಗೆ ಬಾಯಿ ಬರಲಿಲ್ಲ."

"ಅಮ್ಮಯ್ಯಾ, ಸಾಕು," ಎಂದರು ಪಾಲಿಶ್‌ನವರು.

ಅಳಿಯ ಬ್ರೆಡ್ಡನ್ನು ಕೆಳಗಿಟ್ಟ. "ಆರು ವಾರ. ಆರು ವಾರ ಈ ವಯಸ್ಸಿನವರು ಕಳ್ಳರ ಹಾಗೆ ಒಬ್ಬರೇ ಕೂತು ಉಂಡರು. ನೀನು ಬಡಿಸ್ತಾ ನೋಡ್ತಾ ಇದ್ದೆಯಾ?"

"ನೀವೂ ನೋಡ್ತಾ ಇದ್ರಿ."

"ನಂಗೆ ಗೊತ್ತಿರಲಿಲ್ಲ!"

"ಗೊತ್ತಿದ್ದಿದ್ದರೆ ನನ್ನನ್ನೂ ಹೀಗೇ ಮಾಡ್ತಾ ಇದ್ರಿ. ಅದಕ್ಕೇ ಹೆದರಿಕೆ ಆಯ್ತು."

"ಅವಳನ್ನ ಬೈಬೇಡಿ ಅಳಿಯಂದಿರೇ," ಎಂದರು ಪಾಲಿಶ್‌ನವರು. "ಒಂದು ಮಾತು ಹೇಳಿದ್ದು ಅವಳಿರಬಹುದು. ಕೈ ನನ್ನದು. ಯಾವ ಮರಕ್ಕೆ ಯಾವುದು ಅಂತ ತಿಳ್ಕೊಳ್ಳದೆ ಸೀಸೆ ಬಿಚ್ಚಿದೋನು ನಾನು. ನನ್ನ ಮೇಸ್ತ್ರಿ ಬದುಕಿದ್ದಿದ್ರೆ ಬೆನ್ನಿಗೆ ಬಾರಿಸ್ತಿದ್ದ."

ಅಳಿಯ ಎದ್ದು ಹೊರಟುಹೋದ. ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಎರಡು ಮಹಡಿ ಇಳಿದು ನಿಂತಿತು. ಅಲ್ಲೇ ಕೂತಿರಬೇಕು. ಮೆಣಸು ಅಪ್ಪನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಶುಕ್ರವಾರ ಅವನು ಯಾರೊಂದಿಗೂ ಮಾತಾಡಲಿಲ್ಲ. ಶನಿವಾರವೂ ಇಲ್ಲ.

*

ಭಾನುವಾರ ಬೆಳಗ್ಗೆ ಪಾಲಿಶ್‌ನವರ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಹಾಸಿಗೆ ಸುತ್ತಿ ಹಗ್ಗ ಕಟ್ಟಿದ್ದರು. ಹನ್ನೊಂದರ ಬಸ್ಸು. ಮಗಳು ಬೇಕರಿಗೆ ರಜೆ ಹೇಳಿ ಅಡುಗೆಮನೆಯಲ್ಲಿ ಬೇಡದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದಳು.

ಅಳಿಯ ಬೀರುವಿನ ಮೇಲಿನಿಂದ ಗಿಟಾರ್ ಇಳಿಸಿ ತಂದು ಮಾವನ ಮಂಚದ ಮೇಲಿಟ್ಟ. ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ ಬಿಚ್ಚಿದ. ಒಳಗೆ ಬೆರಳುದ್ದದ ಗಾಜಿನ ಪಟ್ಟಿಗಳು, ಹನ್ನೆರಡೋ ಹದಿನೈದೋ. ಕೈ ಕೊಯ್ಯದಂತೆ ಒಂದು ಬದಿಯನ್ನು ಉಜ್ಜಿ ನುಣುಪು ಮಾಡಿತ್ತು. ಇನ್ನೊಂದು ಬದಿ ಹೊಸ ಬ್ಲೇಡಿನಂತಿತ್ತು.

ಪಾಲಿಶ್‌ನವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಎಲ್ಲಿ ಸಿಕ್ತು ಇದು?"

"ಅಂಗಡೀಲಿ ಕೊಯ್ದೆ. ನಿನ್ನೆ."

"ಅಂಚು ಚೆನ್ನಾಗಿದೆ."

"ಇದನ್ನ ತೆಗೆಯೋಕೆ ಎಷ್ಟು ದಿನ ಬೇಕು ಮಾವ?"

ಮುದುಕರು ಗಾಜನ್ನು ಕೆಳಗಿಟ್ಟರು. "ನನ್ನ ಕೈಗೆ ಕೊಡಬೇಡಿ."

"ವಾದ್ಯ ರಿಪೇರಿ ಅಂಗಡಿಯ ಹೆಂಗಸು ನಿಮ್ಮ ಕೈಗೇ ಕೊಡಿ ಅಂದಳು."

"ಮೊದಲಿನ ಹಾಗೆ ಆಗಲ್ಲ. ಆ ಮಚ್ಚೆ, ಆ ಗೀರು, ಅದನ್ನೆಲ್ಲ ನಾನು ಎಲ್ಲಿಂದ ತರಲಿ?"

"ಗೊತ್ತು."

"ಮರ ಇನ್ನೂ ತೆಳ್ಳಗಾದರೆ?"

"ಅದಕ್ಕೇ ಇದು." ಅಳಿಯ ಜೇಬಿನಿಂದ ಅಂಗಡಿಯ ಭೂತಗನ್ನಡಿ ತೆಗೆದ. "ನೀವು ಹೆರೀರಿ. ಎಲ್ಲಿ ನಿಲ್ಲಿಸಬೇಕು ಅಂತ ನಾನು ನೋಡಿ ಹೇಳ್ತೀನಿ. ಇಬ್ಬರೂ ಸೇರಿ ಕೆಡಿಸಿದರೆ ಇಬ್ಬರದೂ ತಪ್ಪು."

ಪಾಲಿಶ್‌ನವರು ಗಡಿಯಾರದ ಕಡೆ ನೋಡಿದರು. ಅಂಗಿಯ ತೋಳು ಮಡಿಸಲು ಶುರುಮಾಡಿ ನಿಲ್ಲಿಸಿದರು. ಆಮೇಲೆ ಪೂರ್ತಿ ಮಡಿಸಿದರು.

ಬಾಲ್ಕನಿಯಲ್ಲಿ ಬೆಡ್‌ಶೀಟು ಹಾಸಿದ್ದಾಯಿತು. ಗಾಜಿನ ಅಂಚು ಮೆರುಗಿನ ಮೇಲೆ ಸರಿದಾಗ ಬಿಳಿಯ ಸುರುಳಿ ಎದ್ದಿತು, ಈರುಳ್ಳಿಯ ಪೊರೆಗಿಂತ ತೆಳ್ಳಗೆ. ಒಂದು ಸಲ ಎಳೆಯುವುದು. ಅಳಿಯ ಬಗ್ಗಿ ಭೂತಗನ್ನಡಿ ಇಡುವುದು.

"ಇನ್ನೂ ಇದೆ."

ಮತ್ತೆ ಒಂದೆಳೆ.

"ಇನ್ನೂ ಇದೆ."

"ನಿಧಾನ ಮಾಡಿ ಅನ್ನಿ, ನನ್ನ ಕೈಗೆ ಹಳೇ ಆತುರ."

"ನಿಧಾನ ಮಾವ. ಇಲ್ಲಿ ಸಾಕು. ಮುಟ್ಟಬೇಡಿ. ಪಕ್ಕಕ್ಕೆ ಹೋಗಿ."

ಹನ್ನೊಂದರ ಬಸ್ಸಿನ ಹಾರನ್ ಕೆಳಗಿನ ರಸ್ತೆಯಲ್ಲಿ ಕೇಳಿ ದೂರವಾಯಿತು. ಅಡುಗೆಮನೆಯಲ್ಲಿ ಮೆಣಸು ಅಮ್ಮನನ್ನು ಮೊಣಕೈಯಿಂದ ತಿವಿದಳು. ಬಾಗಿಲ ಬಳಿಯ ಪೆಟ್ಟಿಗೆಯನ್ನು ಯಾರೂ ಒಳಗೆ ತರಲಿಲ್ಲ. ತರಲು ಅವರಿಬ್ಬರಿಗೂ ಧೈರ್ಯ ಸಾಲಲಿಲ್ಲ.

ಒಂದೂವರೆಯ ಹೊತ್ತಿಗೆ ಅಂಗೈಯಗಲದ ಮರ ಬಯಲಾಗಿತ್ತು. ಜೇನಿನ ಬಣ್ಣವಲ್ಲ, ಮಾಸಿದ ಹಾಲಿನ ಬಣ್ಣ. ಅಳಿಯ ಅದರ ಮೇಲೆ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. ಮತ್ತೆ ತಟ್ಟಿದ. ಮಾವ ಮುಂದಿನ ಗಾಜನ್ನು ಎತ್ತಿಕೊಂಡರು.

"ನೀವು ಹೋಗಿ ಊಟ ಮಾಡಿ ಅಳಿಯಂದಿರೇ. ನಾನು ಆಮೇಲೆ ಮಾಡ್ತೀನಿ. ಮೈಯೆಲ್ಲ ಪುಡಿ," ಎಂದರು ಪಾಲಿಶ್‌ನವರು ತಲೆಯೆತ್ತದೆ.

ಅಳಿಯ ಅಡುಗೆಮನೆಗೆ ಬಂದ. ಮಗಳು ಮೇಜಿನ ಮೇಲೆ ತಟ್ಟೆಗಳನ್ನಿಟ್ಟು, ಅನ್ನ, ಬೀನ್ಸು, ಮೊಟ್ಟೆ ಬಡಿಸಿ ನಿಂತಿದ್ದಳು. ಅವಳ ಕಣ್ಣು ಕೆಂಪಗಿತ್ತು. ಮೂರು ದಿನದಿಂದ ಮಾತಾಡದಿದ್ದವನು, "ಉಪ್ಪು ಹಾಕಿಲ್ಲ ತಾನೆ ಇದಕ್ಕೆ?" ಎಂದು ಕೇಳಿದ.

"ಇಲ್ಲ."

ಅವನು ಎರಡು ತಟ್ಟೆ ಎತ್ತಿಕೊಂಡ. ಕೈ ಸಾಲದೆ ಚಮಚಗಳನ್ನು ಹುಡುಕುವಾಗ ಅವಳೇ ಅವನ ಅಂಗಿಯ ಜೇಬಿಗೆ ಹಾಕಿದಳು.

ಬಾಲ್ಕನಿಯಲ್ಲಿ ಮುದುಕರು ಗಾಜನ್ನು ಒರೆಸುತ್ತಿದ್ದರು. ಬೆರಳ ತುದಿಗಳೆಲ್ಲ ಬಿಳಿಯ ಪುಡಿ. ಅಳಿಯ ಬಕೆಟನ್ನು ಕಾಲಿನಿಂದ ಎಳೆದು ಬೋರಲು ಮಾಡಿ ಅವರ ಎದುರಿಗೆ ಕೂತ. ತನ್ನ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಇನ್ನೊಂದನ್ನು ಚಮಚದ ಸಮೇತ ಮಾವನ ಕಡೆ ಚಾಚಿದ. ಅವರು ಕೈಗಳನ್ನು ಅಂಗಿಗೆ ಒರೆಸಿಕೊಳ್ಳುವವರೆಗೂ ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಅವರು ಎರಡೂ ಕೈಯಿಂದ ತೆಗೆದುಕೊಂಡರು.